ಬಾಜೂ ಕಾಟಿಗೆ ಬಂದಾಕಿ

– ದೊಡ್ಡವ್ವಾ, ನೀ ಅಷ್ಟು ವರ್ಷ ಹಾಸ್ಟೆಲ್ ವಾರ್ಡನ್ ಆಗಿದ್ದಾಕಿ, ನೀನ ಹೇಳು. ದೀಪಾವಳಿ ಸೂಟಿ ಮುಗಿಸಿ ಬಂದು ರೂಮಿನ ಕೀಲಿ ತಗದ್ರ ನನ್ನ ಗೆಳತಿ ಗಾದಿ ಇಲ್ಲ, ಪುಸ್ತಕ ಇಲ್ಲ. ಆಕಿ ಕಾಟಿನ ಮ್ಯಾಲ ಯಾರದೋ ಟ್ರಂಕು. ನನಗ ಯಾರೂ ಒಂದು ಮಾತು ಹೇಳಿಲ್ಲ. ಇದು ಸರಿ ಏನು?

– ಹೇಳದ ಮಾಡಿದ್ದು ಸರಿ ಅಲ್ಲ. ಇದನ್ನ ಮೊದಲ ಹೇಳಿಬಿಡ್ತೀನಿ. ಇಲ್ಲಂದ್ರ ನಾ ಮುಂದ ಹೇಳೋದೆಲ್ಲ ವಾರ್ಡನ್ನರ ಪರವಾಗಿ ಮಾತಾಡಿದಂಗ ಆಗ್ತೈತಿ. ಗೆಳತಿ ಎಲ್ಲಿ ಹೋದ್ಲು?

– ಮೆಡಿಕಲ್ ಸೀಟು ಸಿಕ್ತು ಆಕಿಗೆ, ಕಡೀ ರೌಂಡಿನ್ಯಾಗ. ನಾ ಊರಾಗ ಇದ್ದಾಗನ ಅವರಪ್ಪ ಬಂದು ಸಾಮಾನು ಒಯ್ದಾರ. ಆಕಿ ಫೋನ್ ಮಾಡಿ ಅತ್ತಳು. ನನಗೂ ಅಳು ಬಂತು. ಎರಡ ತಿಂಗಳ ಗೆಳೆತನಕ್ಕ ಇಷ್ಟ್ಯಾಕ ಅಂತ ಅವ್ವ ನಕ್ಕಳು.

– ನಗೋದೇನೈತಿ ಅದರಾಗ? ಮನಿ ಬಿಟ್ಟು ಬಂದ ಮೊದಲ ಎರಡು ತಿಂಗಳು ಅವು. ಆವಾಗ ಬಾಜೂ ಕಾಟಿನ್ಯಾಗ ಮಲಗಿದಾಕಿ ಅಂದ್ರ ಅರ್ಧ ಮನಿ. ಆದ್ರ ಯವ್ವಾ, ಇದು ಪ್ರತಿ ವರ್ಷ ನಡಿಯೋ ಕಥಿ. ನೀಟ್ ಬರದ ಹುಡುಗರು ಮೆಡಿಕಲ್ ಸೀಟಿನ ದಾರಿ ನೋಡ್ತಾ ನೋಡ್ತಾ ಕೃಷಿ, ತೋಟಗಾರಿಕಿ, ಬಿ.ಎಸ್ಸಿ. ಅಂತ ಒಂದು ಕಡೆ ಹೆಸರು ಹಚ್ಚಿರ್ತಾರ. ಕೌನ್ಸೆಲಿಂಗ್ ರೌಂಡು ಒಂದಾದ ಮ್ಯಾಲ ಒಂದು ನಡದು ಒಂದೊಂದು ವರ್ಷ ದೀಪಾವಳಿ ದಾಟಿದ ಮ್ಯಾಲೂ ಮುಗಿಯೂದಿಲ್ಲ. ಅಲ್ಲಿ ಸೀಟು ಸಿಕ್ಕ ದಿನ ಇಲ್ಲಿ ಕಾಟು ಖಾಲಿ. ಇಂಜಿನಿಯರಿಂಗಿನ್ಯಾಗ ಮತ್ತೊಂದು ನಮೂನಿ: ಡಿಪ್ಲೊಮಾ ಮುಗಿಸಿದವರು ಸೀದಾ ಎರಡನೇ ವರ್ಷಕ್ಕ ಬರ್ತಾರ, ಒಂದು ವರ್ಷ ಕೂಡಿ ಇದ್ದವರ ನಡುವ ಹೊಸಬರು ಬಂದು ಸೇರ್ತಾರ. ಹಾಸ್ಟೆಲಿನ ಕಾಟು ಖಾಲಿ ಆದ್ರ ವೇಟಿಂಗ್ ಲಿಸ್ಟಿನ್ಯಾಗ ಮುಂದಿನ ಹೆಸರು ಯಾರದೋ ಅವರಿಗೆ ಅದು ಹೋಗಬೇಕು. ಒಂದು ದಿನ ತಡಾ ಮಾಡಿದ್ರೂ ತಪ್ಪು, ಯಾಕಂದ್ರ ಆ ಹುಡುಗಿ ಹೊರಗ ತ್ರಾಸಿನ್ಯಾಗ ಇರ್ತಾಳ.

– ಬಾಜೂ ರೂಮಿನಾಕಿ ನನ್ನ ರೂಮಿಗೆ ಬರ್ತೀನಿ ಅಂದಿದ್ಲು. ನಾವಿಬ್ರೂ ಒಂದ ಕ್ಲಾಸು. ಹೋಗಿ ಕೇಳಿದ್ರ ಆಗೂದಿಲ್ಲ ಅಂದ್ರು.

– ಆಕಿ ನಿನ್ನ ರೂಮಿಗೆ ಬಂದ್ರ ಆಕಿ ರೂಮಿನಾಕಿ ಯಾರ ಕೂಡ ಇರಬೇಕು? ಹೊಸದಾಗಿ ಬಂದಾಕಿ ಕೂಡ ಅಲ್ಲೇನು? ನಿನಗ ಬ್ಯಾಡಾದದ್ದು ಆಕಿಗೆ ಹೋಗಲಿ ಅಂದಂಗ ಆತು. ನಾ ವಾರ್ಡನ್ ಇದ್ದಾಗ ಇಂಥಾ ಅರ್ಜಿ ಭಾಳ ಬರ್ತಿದ್ದುವು. ಕೆಲವು ಒಪ್ಪಿದೆ. ಒಬ್ಬಾಕಿಗೆ ದಮ್ಮಿನ ತ್ರಾಸಿತ್ತು, ನೆಲಮಾಳಿಗಿ ತಂಪಿನ ರೂಮು ಬದಲಿ ಮಾಡಿದೆ. ಆದ್ರ "ಹೊಸಾಕಿ ಹೊಂದೂದಿಲ್ಲ" ಅಂತ ಆಕಿ ಬಂದ ಎರಡನೇ ದಿನಾನ ಬರದವರ ಅರ್ಜಿ ಮುಂದ ಇಟ್ಕೊಂಡು ಏನು ಹೊಂದೂದಿಲ್ಲ ಅಂತ ಕೇಳಿದ್ರ, ಅವರ ಬಾಯಿಂದ ಉತ್ತರ ಬರ್ತಿರಲಿಲ್ಲ.

– ನನ್ನ ಕಡೆ ಉತ್ತರ ಐತಿ. ರಾತ್ರಿ ಹತ್ತಕ್ಕ ಆಕಿ ಫೋನು ಸುರು. ಅರ್ಧ ತಾಸು, ಮುಕ್ಕಾಲು ತಾಸು. ಲಂಬಾಣಿ ಮಾತು, ನನಗ ಒಂದು ಅಕ್ಷರ ತಿಳಿಯೂದಿಲ್ಲ. ಮತ್ತ ಬೆಳಿಗ್ಗೆ ನಾಕಕ್ಕ ಎದ್ದು ಲೈಟ್ ಹಚ್ತಾಳ. ನನಗ ನಿದ್ದಿ ಇಲ್ಲ, ಬರೋ ವಾರದಿಂದ ಇಂಟರ್ನಲ್ಸ್.

– ಎಲ್ಲಿಯಾಕಿ?

– ವಿಜಯಪುರ ಕಡೆ ಒಂದು ತಾಂಡಾ. ಅವರಪ್ಪ ಅವ್ವ ಗೋವಾದಾಗ ಕೆಲಸಕ್ಕ ಅದಾರಂತ.

– ಏನು ಕೆಲಸ? ಎಷ್ಟಕ್ಕ ಬಿಡ್ತಾರ?

– ಅದನ್ನೆಲ್ಲ ಕೇಳೋವಷ್ಟು ಮಾತಾಡಿಲ್ಲ.

– ಆ ಕಡೆ ತಾಂಡಾದವರು ಗೋವಾಕ್ಕ ಹೋಗೋದು ಹೆಚ್ಚಾಗಿ ಕಟ್ಟಡ ಕೆಲಸಕ್ಕ, ರಸ್ತೆ ಕೆಲಸಕ್ಕ. ಕೆಲಸ ಬಿಟ್ಟು, ಮಕ ತೊಳಕೊಂಡು, ಅಡಗಿ ಮಾಡಿ ಉಣ್ಣೂದ್ರಾಗ ಎಷ್ಟಾಗಬೇಡ? ಹತ್ತರ ಹೊತ್ತಿಗೆ ಅವರಿಗೆ ಮಗಳ ಕೂಡ ಮಾತಾಡಾಕ ಪುರಸೊತ್ತು ಆಗ್ತಿರಬೇಕು.

– ಇರಬಹುದು ದೊಡ್ಡವ್ವಾ. ಆದ್ರ ಕಾರಣ ತಿಳಿದ ಮಾತ್ರಕ್ಕ ನನಗ ನಿದ್ದಿ ಬರೂದಿಲ್ಲ.

– ಖರೇ ಮಾತು. ಕಾರಣ ತಿಳಕೋ, ಸುಮ್ಮನ ಸಹಿಸು ಅಂತ ನಾ ಹೇಳಾಕ ಹತ್ತಿಲ್ಲ. ಹಂಗ ಸಹಿಸಿದವರು ಒಂದು ತಿಂಗಳಾದ ಮ್ಯಾಲ ಬಕೀಟಿನ ಸಲುವಾಗಿ ಜಗಳ ತಗೀತಾರ, ಮಾತು ಬಿಡ್ತಾರ. ಎರಡು ಕಾಟಿನ ರೂಮಿನ್ಯಾಗ ಮಾತು ಬಿಟ್ಟು ಇರೋದು ಅಂದ್ರ ಎಂಥಾ ನರಕ ಅಂತ ನಾ ನೋಡೇನಿ. ಆಕಿಗೆ ನಿನ್ನ ಇಂಟರ್ನಲ್ಸ್ ಸುದ್ದಿ ಗೊತ್ತೈತೇನು?

– ಇಲ್ಲ. ಆಕಿ ಬ್ಯಾರೆ ಕೋರ್ಸು.

– ಹತ್ತಕ್ಕ ಲೈಟ್ ಆರಿಸೋದು ನಿನ್ನ ರೂಢಿ ಅಂತ?

– ಅದು ನಾನೂ ನನ್ನ ಗೆಳತಿನೂ ಮಾಡಿಕೊಂಡಿದ್ದ ಕಟ್ಟಳಿ.

– ಹಂಗಾದ್ರ ಆ ಕಟ್ಟಳಿ ಗೆಳತಿ ಕೂಡ ಹೋತು. ಇದು ಬಿರುಸು ಮಾತು ಅನಸ್ತೈತಿ, ಆದ್ರ ನಾ ಗಟ್ಟಿಯಾಗಿ ಹೇಳ್ತೀನಿ: ರೂಮಿನ ರೂಢಿ ಇಬ್ಬರು ಕೂಡಿ ಮಾಡಿದ್ದು, ಒಬ್ಬರು ಬದಲಾದ್ರ ಅದನ್ನ ಮೊದಲಿನಿಂದ ಮಾಡಬೇಕು. ಮೊದಲ ಬಂದಾಕಿ ಮಾಲಕಳಲ್ಲ, ಆಮ್ಯಾಲ ಬಂದಾಕಿ ಬೀಗತಿ ಅಲ್ಲ. ಇಬ್ಬರೂ ಅಷ್ಟ ಫೀ ಕಟ್ಟೇರಿ. ಆಕಿ ಬಂದಾಗ ರೂಮಿನ್ಯಾಗ ಏನೇನು ಎಲ್ಲೆಲ್ಲಿ ಇತ್ತು ಹೇಳು.

– ಕಿಡಕಿ ಬಾಜೂ ನನ್ನ ಕಾಟು. ಕಪಾಟು ಎರಡು ಖಣದ್ದು, ಕೆಳಗಿನ ಖಣದಾಗೂ ನನ್ನ ಅರಬಿ ಇಟ್ಟಿದ್ದೆ. ಪ್ಲಗ್ ಪಾಯಿಂಟು ಒಂದ ಐತಿ, ನನ್ನ ತಲಿದಿಂಬಿನ ಕಡೆ. ಬಾಗಿಲ ಹಿಂದ ಅರಬಿ ಹಾಕೋ ಗೂಟ ನಾಕು, ನಾಕರಾಗೂ ನಂದ ಅದಾವು.

– ಆಕಿ ಟ್ರಂಕು?

– ಕಾಟಿನ ಕೆಳಗ. ಅದರಾಗಿಂದ ತಗದು ಹಾಕ್ಕೋತಾಳ, ಅದರಾಗ ಮಡಚಿ ಇಡ್ತಾಳ. ಬಿಳಿ ಪೇಂಟಿನ್ಯಾಗ ಮೊರಾರ್ಜಿ ದೇಸಾಯಿ ವಸತಿ ಶಾಲೆ ಅಂತ ಬರದೈತಿ ಅದರ ಮ್ಯಾಲ. ಒಂದು ಹಳೀ ಸೀರಿ ತುಂಡಿನ್ಯಾಗ ಕಡಕ್ ರೊಟ್ಟಿ ಕಟ್ಟಿಕೊಂಡು ಬಂದಾಳ, ಅದನ್ನೂ ಟ್ರಂಕಿನ್ಯಾಗ ಇಟ್ಟಾಳ.

– ಮೊರಾರ್ಜಿ ಶಾಲಿ ಅಂದ್ರ ಆರನೇತ್ತದಿಂದ ಹತ್ತನೇತ್ತದ ತನಕ ಅಲ್ಲೇ ಇದ್ದು ಓದಿದಾಕಿ. ಒಂದ ಹಾಲಿನ್ಯಾಗ ಎಷ್ಟೋ ಹುಡುಗಿಯರ ಕೂಡ ಮಲಗಿ, ನಸುಕಿನ್ಯಾಗ ಎದ್ದು, ಸಾಲಿನ್ಯಾಗ ನಿಂತು ಸ್ನಾನಾ ಮಾಡಿ ಬೆಳದಾಳ. ನಾಕಕ್ಕ ಯಾಕ ಏಳ್ತಾಳ ಅಂತ ತಿಳೀತೋ? ಹಾಸ್ಟೆಲ್ ಬಾಳೇದಾಗ ಆಕಿ ನಿನಗಿಂತ ಹಿರಿಯಾಕಿ. ಅಂಥಾಕಿ ಖಾಲಿ ಇಲ್ಲದ ಕಪಾಟು ನೋಡಿ ಏನೂ ಅನ್ನದ ಟ್ರಂಕಿನ್ಯಾಗ ಅರಬಿ ಇಟ್ಕೊಂಡಾಳ. ನೀ ಇವತ್ತ ಹೋಗಿ ಕೆಳಗಿನ ಖಣ ಖಾಲಿ ಮಾಡು, ಎರಡು ಗೂಟ ಬಿಡು. ಕೇಳಿ ಮಾಡಬ್ಯಾಡ, ಕೇಳಿದ್ರ "ಇರಲಿ ಬಿಡ್ರಿ" ಅಂತಾಳ. ಆಮ್ಯಾಲ ಕೂತು ಮಾತಾಡು: ನನಗ ಇಷ್ಟು ಗಂಟೆಯಿಂದ ಇಷ್ಟರ ತನಕ ಕತ್ತಲಿ ಬೇಕು, ನಿನಗ ಏನು ಬೇಕು ಅಂತ. ನಾಕಕ್ಕ ಏಳೋರಿಗೆ ಟೇಬಲ್ ಲ್ಯಾಂಪು ಸಾಕು. ಹತ್ತರ ಫೋನು ರೂಮಿನ ಹೊರಗ ಎಲ್ಲಿ ಆಗ್ತೈತಿ ಅಂತ ಇಬ್ರೂ ಕೂಡಿ ನೋಡ್ರಿ. ಧಾರವಾಡದ ಮಳಿಗಾಲದಾಗ ವರಾಂಡಾದಾಗ ನಿಲ್ಲಂದ್ರ ಯಾರೂ ನಿಲ್ಲೂದಿಲ್ಲ, ಈಗ ಥಂಡಿ ಬ್ಯಾರೆ. ಊಟದ ಹಾಲು ಹತ್ತೂವರಿ ತನಕ ತಗದಿಡ್ರಿ ಅಂತ ವಾರ್ಡನ್ನರನ್ನ ಕೇಳಿದ್ರ ಕೊಡಬಹುದು. ನಾ ಕೊಟ್ಟಿದ್ದೆ.

– ನೀ ಹೇಳೋದು ಎಲ್ಲಾ ಹೊಂದಾಣಿಕಿ ಮಾತು. ಯಾರ ಕೂಡ ಇರಬೇಕು ಅನ್ನೋದನ್ನ ನಾವ ಆರಿಸಿಕೊಂಡ್ರ ಈ ತ್ರಾಸ ಇರೂದಿಲ್ಲಲ್ಲ? ಅಣ್ಣ ಸಪ್ತಾಪುರದಾಗ ರೂಮ್ ಮಾಡಿಕೊಂಡಾನ, ಅವನಿಗೆ ಬೇಕಾದವರ ಕೂಡ ಅದಾನ.

– ಅವನ ರೂಮಿಗೆ ನಾ ಹೋಗಿದ್ದೆ. ಸಪ್ತಾಪುರ, ಜಯನಗರ, ಕಲ್ಯಾಣನಗರ, ಎಲ್ಲಿ ನೋಡಿದ್ರೂ ಪರೀಕ್ಷಾಕ್ಕ ಓದೋ ಹುಡುಗರು. ಪಿಎಸ್ಐ, ಪಿಡಿಒ, ಎಫ್‌ಡಿಎ, ಕೆಎಎಸ್. ಅಲ್ಲಿ ರೂಮ್‌ಮೇಟ್ ಬದಲಾಗೋದು ಹಾಸ್ಟೆಲಿಗಿಂತ ಹೆಚ್ಚು. ಒಬ್ಬ ಆಯ್ಕೆ ಆಗಿ ಟ್ರೈನಿಂಗಿಗೆ ಹೋದ, ಇನ್ನೊಬ್ಬ ವಯಸ್ಸು ಮೀರಿತು ಅಂತ ಊರಿಗೆ ಹೋಗಿ ಹೊಲ ನೋಡಾಕ ಹತ್ತಿದ, ಮತ್ತೊಬ್ಬನ ಅಪ್ಪ ರೊಕ್ಕ ಕಳಸೋದು ನಿಲ್ಲಿಸಿದ. ಹೋದಾವನ ಪಾಲಿನ ಬಾಡಿಗಿ ಉಳದವರ ತಲಿ ಮ್ಯಾಲ. ಡಿಪಾಜಿಟ್ಟು ಯಾರಿಗೆ ತಿರುಗಿ ಕೊಡಬೇಕು ಅಂತ ಜಗಳ. ಮಾಲಕರು ಕರಾರು ಬರದಿರೂದಿಲ್ಲ, ಇವರು ಕೇಳಿರೂದಿಲ್ಲ. ಅಣ್ಣಗ ಹೇಳು, ಒಳಗ ಬರೋವಾಗನ ಯಾರ ಡಿಪಾಜಿಟ್ಟು ಎಷ್ಟು, ನಡುವ ಹೋಗೋರು ಎಷ್ಟು ದಿನ ಮುಂಚೆ ಹೇಳಬೇಕು ಅಂತ ಒಂದು ಹಾಳಿ ಮ್ಯಾಲ ಬರದು ಎಲ್ಲಾರೂ ಸಹಿ ಮಾಡಲಿ.

ಆದ್ರ ನಾ ಹೇಳಬೇಕಂದದ್ದು ಬ್ಯಾರೆ. ಅಲ್ಲಿ ಝೆರಾಕ್ಸ್ ಅಂಗಡಿ ಗ್ವಾಡಿ ಮ್ಯಾಲ, ಲೈಟಿನ ಕಂಬಕ್ಕ, "ರೂಮ್‌ಮೇಟ್ ಬೇಕಾಗಿದ್ದಾರೆ" ಅಂತ ಚೀಟಿ ಹಚ್ಚಿರ್ತಾರ. ಆ ನಂಬರಿಗೆ ಫೋನ್ ಹಚ್ಚಿದ್ರ ಆ ಕಡೆಯಿಂದ ಮೊದಲ ಪ್ರಶ್ನೆ ಏನು ಗೊತ್ತೈತಿ? ಯಾವೂರು? ಎರಡನೇದ್ದು: ಅಡ್ಡಹೆಸರು? ಓದು, ಪರೀಕ್ಷಾ, ನಿದ್ದಿ, ಅಡಗಿ, ಎಲ್ಲಾ ಆಮ್ಯಾಲ. ಅಡ್ಡಹೆಸರು ಹೇಳಿದ ಮ್ಯಾಲ "ಈಗ ತಾನ ಒಬ್ರು ಬಂದ್ರರಿ" ಅಂದು ಫೋನ್ ಇಟ್ಟದ್ದನ್ನ ಕೇಳಿಸಿಕೊಂಡ ಹುಡುಗರು ನನ್ನ ವಿದ್ಯಾರ್ಥಿಗಳ ಪೈಕಿನ ಅದಾರ. ನಾವ ಆರಿಸಿಕೊಳ್ಳೋದು ಅಂದ್ರ ಕಡೀಕ ಭಾಳ ಸಲ ಇದ ಆಗ್ತೈತಿ. ನಿನ್ನ ಹಾಸ್ಟೆಲಿನ ಲಿಸ್ಟು ಅಡ್ಡಹೆಸರು ಕೇಳಿಲ್ಲ. ಕ್ರಮಾಂಕ ನೋಡಿ ಕಾಟು ಕೊಟ್ಟೈತಿ. ಲಿಸ್ಟಿನ ಬಗ್ಗೆ ನಿನಗ ಸಿಟ್ಟು ಇರಲಿ, ಆದ್ರ ಅದರ ಈ ಒಂದು ಗುಣ ಮರೀಬ್ಯಾಡ.

– ನಾ ಜಾತಿ ಕೇಳಿ ಬ್ಯಾಡ ಅಂದಿಲ್ಲ ದೊಡ್ಡವ್ವಾ.

– ನೀ ಅಂದಿ ಅಂತ ನಾ ಹೇಳಿಲ್ಲ ಯವ್ವಾ. ಈ ಊರು ಹೆಂಗಿತ್ತು ಅಂತ ಹೇಳಾಕ ಹತ್ತೀನಿ. ಧಾರವಾಡಕ್ಕ ಓದಾಕ ಬಂದ ಹಳ್ಳಿ ಹುಡುಗ ಎಲ್ಲಿ ಮಲಗಬೇಕು, ಎಲ್ಲಿ ಉಣ್ಣಬೇಕು ಅನ್ನೋದು ಇಲ್ಲಿ ಭಾಳ ಹಳೀ ಪ್ರಶ್ನೆ. ಬ್ರಾಹ್ಮಣರ ಬಡ ಹುಡುಗರು ವಾರಾನ್ನ ಹಚ್ಚಿಕೊಂಡು ಓದಿದ್ರು, ಸೋಮವಾರ ಒಬ್ಬರ ಮನಿ, ಮಂಗಳವಾರ ಇನ್ನೊಬ್ಬರ ಮನಿ. ಲಿಂಗಾಯತರು 1883ರಾಗ ಧಾರವಾಡದಾಗ ಲಿಂಗಾಯತ ಎಜುಕೇಶನ್ ಫಂಡ್ ಅಂತ ಮಾಡಿದ್ರು, ಮುಂದ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಹಳ್ಳಿ ಹುಡುಗರಿಗೆ ಅನ್ನ, ಆಸರ ಕೊಟ್ಟು ಓದಿಸಿದ್ರು. ಬಾಜೂಕ ಕೊಲ್ಹಾಪುರದಾಗ ಶಾಹೂ ಮಹಾರಾಜರು 1901ರಾಗ ಮರಾಠಾ ಬೋರ್ಡಿಂಗ್ ತಗದು, ಆಮ್ಯಾಲ ಜೈನರಿಗೆ, ಮುಸ್ಲಿಮರಿಗೆ, ಲಿಂಗಾಯತರಿಗೆ ಬ್ಯಾರೆ ಬ್ಯಾರೆ ಬೋರ್ಡಿಂಗಿಗೆ ಆಸರ ಆದ್ರು. 1917ರಾಗ ಇಲ್ಲಿ ಕರ್ನಾಟಕ ಕಾಲೇಜು ಆತು, ಬರೋ ಹುಡುಗರು ಹೆಚ್ಚಾದ್ರು. ಆದ್ರ ದಲಿತರ ಹುಡುಗರಿಗೆ ಇದರಾಗ ಯಾವ ಬಾಗಿಲು? ಅಂಬೇಡ್ಕರ್ ಅವರು 1928ರಾಗ ಡಿಪ್ರೆಸ್ಡ್ ಕ್ಲಾಸಸ್ ಎಜುಕೇಶನ್ ಸೊಸೈಟಿ ಕಟ್ಟಿ, ಮುಂಬೈ ಇಲಾಖೆದಾಗ ಅವರಿಗೆ ಬೋರ್ಡಿಂಗ್ ನಡೆಸಿದ್ರಲ್ಲ, ಅದರಾಗ ಧಾರವಾಡದ್ದೂ ಒಂದು.

ಇವೆಲ್ಲ ಇಲ್ಲದಿದ್ರ ಉತ್ತರ ಕರ್ನಾಟಕದಾಗ ಹಳ್ಳಿಯವರು ಓದತಿರಲಿಲ್ಲ. ನಾ ಕೈ ಮುಗೀತೀನಿ ಅವರಿಗೆ. ಆದ್ರ ಆ ಬೋರ್ಡಿಂಗಿನ್ಯಾಗ ಬಾಜೂಕ ಮಲಗಿದಾವ ಹೆಚ್ಚಾಗಿ ತನ್ನ ಜಾತಿಯಾವನ ಆಗಿರ್ತಿದ್ದ. ಕೂಡಿ ಉಣ್ಣೋ ಜನ ಇರಲಿಲ್ಲ, ಅದಕ್ಕ ಬ್ಯಾರೆ ಬ್ಯಾರೆ ಕಟ್ಟಬೇಕಾತು. ಎಲ್ಲಾರೂ ಒಂದ ಛಾವಣಿ ಕೆಳಗ ಮಲಗಿದ್ದು ವಿಶ್ವವಿದ್ಯಾಲಯದ, ಕಾಲೇಜಿನ ಹಾಸ್ಟೆಲಿನ್ಯಾಗ. ನಾ ಎಂ.ಎ. ಮಾಡೋವಾಗ ಗುಲ್ಬರ್ಗಾ ವಿಶ್ವವಿದ್ಯಾಲಯ ಇನ್ನೂ ಆಗಿರಲಿಲ್ಲ, ಅದು 1980ರದ್ದು. ಬೀದರದವರೂ ಕರ್ನಾಟಕ ವಿಶ್ವವಿದ್ಯಾಲಯಕ್ಕ, ಕಾರವಾರದವರೂ ಕರ್ನಾಟಕ ವಿಶ್ವವಿದ್ಯಾಲಯಕ್ಕ. ನನ್ನ ರೂಮಿನ್ಯಾಗ ಮೊದಲ ಒಬ್ಬಾಕಿ ಇದ್ಲು, ಲಗ್ನ ಆಗಿ ಓದು ಬಿಟ್ಟು ಹೋದ್ಲು. ಆವಾಗ ಹುಡುಗಿಯರ ಕಾಟು ಖಾಲಿ ಆಗೋದು ಹೆಚ್ಚಾಗಿ ಲಗ್ನದಿಂದನ. ಆಕಿ ಜಾಗಾಕ್ಕ ಬೀದರದಾಕಿ ಬಂದ್ಲು. ಆಕಿ ಕನ್ನಡದಾಗ ಅರ್ಧ ಉರ್ದು, ನನಗ ಹತ್ತು ಮಾತಿನ್ಯಾಗ ನಾಕು ತಿಳೀತಿದ್ದಿಲ್ಲ. ಇವತ್ತಿಗೂ ಆಕಿ ಫೋನು ಬರ್ತೈತಿ.

– ಎಲ್ಲಾರಿಗೂ ಹಂಗ ಆಗ್ತೈತೇನು?

– ಇಲ್ಲ. ಎಷ್ಟೋ ಮಂದಿ ವರ್ಷ ಮುಗಿಸಿ ಹೊಳ್ಳಿ ಮಾತಾಡಿಲ್ಲ. ಅದೂ ಅಡ್ಡಿಯಿಲ್ಲ, ರೂಮ್‌ಮೇಟ್ ಗೆಳತಿ ಆಗಲೇಬೇಕಂತ ಇಲ್ಲ. ಆದ್ರ ಕೂಡಿ ಇರೋದರಿಂದ ಏನಾಗ್ತೈತಿ ಅಂತ ಜನ ಅಭ್ಯಾಸ ಮಾಡ್ಯಾರ. ದಕ್ಷಿಣ ಆಫ್ರಿಕಾ ಅಂದ್ರ ಬಿಳಿಯರು, ಕರಿಯರು ಅಂತ ಕಾಯಿದೆ ಮಾಡಿ ಜನರನ್ನ ಬ್ಯಾರೆ ಇಟ್ಟಿದ್ದ ದೇಶ. ಅಲ್ಲಿಯ ಕೇಪ್‌ಟೌನ್ ವಿಶ್ವವಿದ್ಯಾಲಯದ ಹಾಸ್ಟೆಲಿನ್ಯಾಗ ಯಾರಿಗೆ ಯಾರು ರೂಮ್‌ಮೇಟ್ ಅನ್ನೋದು ಚೀಟಿ ಎತ್ತಿದಂಗ ಬಂದಿತ್ತು. ಮೂವರು ಅರ್ಥಶಾಸ್ತ್ರದವರು ಆ ಹುಡುಗರನ್ನ ಅಭ್ಯಾಸ ಮಾಡಿ 2022ರಾಗ ಪ್ರಕಟ ಮಾಡಿದ್ರು. ಬ್ಯಾರೆ ಬಣ್ಣದವರ ಕೂಡ ಇದ್ದ ಬಿಳಿ ಹುಡುಗರ ಮನಸಿನ್ಯಾಗ ಕರಿಯರ ಬಗ್ಗೆ ಇದ್ದ ಕೆಟ್ಟ ಕಲ್ಪನಾ ಕಡಿಮಿ ಆತು. ಹಂಗ ಇದ್ದ ಕರೀ ಹುಡುಗರ ಮಾರ್ಕ್ಸು ಸುಧಾರಿಸಿದುವು. ಯಾರೂ ಅವರಿಗೆ ಭಾಷಣ ಮಾಡಿರಲಿಲ್ಲ. ಒಂದು ವರ್ಷ ಒಂದ ರೂಮಿನ್ಯಾಗ ಇದ್ರು, ಅಷ್ಟ.

– ಹಂಗಂತ ನನ್ನ ನಿದ್ದಿ, ನನ್ನ ಪರೀಕ್ಷಾ ಎಲ್ಲಾ ಸಮಾಜ ಸುಧಾರಣೆಗೆ ಕೊಡಬೇಕೇನು?

– ಬ್ಯಾಡ. ಆಕೀದೂ ಕೊಡಬಾರದು. ಆಕಿಗೂ ಪರೀಕ್ಷಾ ಅದಾವಲ್ಲ? ವೇಟಿಂಗ್ ಲಿಸ್ಟಿನ್ಯಾಗ ಇದ್ದಾಗ ಎಲ್ಲಿ ಇದ್ಲಂತ?

– ಹುಬ್ಬಳ್ಳ್ಯಾಗ ಪರಿಚಯದವರ ಮನಿ ಅಂತ. ದಿನಾ ಆರ್ಡಿನರಿ ಬಸ್ಸಿನ್ಯಾಗ ಬಂದು ಹೋಗಿ ಮಾಡ್ತಿದ್ಲಂತ.

– ಹೆಣ್ಣುಮಕ್ಕಳಿಗೆ ಬಸ್ ಪುಕ್ಕಟೆ ಆಗಿದ್ದು 2023ರ ಜೂನಿನಿಂದ, ಅದಕ್ಕ ಓದು ಉಳೀತು. ಹಾಸ್ಟೆಲ್ ಸಿಗದ ಕೆಲವರಿಗೆ ಸರಕಾರದ ವಿದ್ಯಾಸಿರಿ ಐತಿ, ತಿಂಗಳಿಗೆ ಒಂದಿಷ್ಟು ರೊಕ್ಕ. ಆ ರೊಕ್ಕದಾಗ ಧಾರವಾಡದಾಗ ಪೇಯಿಂಗ್ ಗೆಸ್ಟ್ ಆಗಿ ಇರಾಕ ಆಗೂದಿಲ್ಲ. ಮಂದಿ ಮನ್ಯಾಗ ಮುದುಡಿಕೊಂಡು ಎರಡು ತಿಂಗಳು ಕಳದು ಬಂದಾಕಿಗೆ ನಿನ್ನ ಬಾಜೂ ಕಾಟು ಎಷ್ಟು ದೊಡ್ಡದು ಅಂತ ನೋಡು.

– ಒಂದು ವ್ಯಾಳ್ಯಾ ಹೊಂದಲೇ ಇಲ್ಲ ಅಂದ್ರ? ಎಲ್ಲಾರೂ ಆಕಿ ನಮೂನಿ ಸುಮ್ಮನಿರೋರು ಸಿಗೂದಿಲ್ಲ. ಮ್ಯಾಲಿನ ಮಹಡ್ಯಾಗ ಒಬ್ಬಾಕಿ ತನ್ನ ರೂಮಿನಾಕಿ ಕಡೆ ಅರಬಿ ಒಗಿಸ್ತಾಳ, ಊರಿನ ಹೆಸರು ಹಿಡದು ಹಂಗಸ್ತಾಳ.

– ಅದು ಹೊಂದಾಣಿಕಿ ವಿಷಯನ ಅಲ್ಲ. ಅಲ್ಲಿ ಒಂದು ದಿನನೂ ಸಹಿಸಬಾರದು. ಯುಜಿಸಿ 2009ರಾಗ ಮಾಡಿದ ರ‍್ಯಾಗಿಂಗ್ ವಿರೋಧಿ ನಿಯಮ ಐತಿ. 2016ರಾಗ ಅದಕ್ಕ ಸೇರಿಸಿದ್ರು: ಜಾತಿ, ಧರ್ಮ, ಬಣ್ಣ, ಭಾಷೆ, ಹುಟ್ಟಿದ ಊರು, ಬಡತನ, ಇವುಗಳ ಮ್ಯಾಲಿಂದ ದೈಹಿಕವಾಗಿ, ಮಾನಸಿಕವಾಗಿ ಪೀಡಿಸೋದೂ ರ‍್ಯಾಗಿಂಗ್ ಅಂತ. ಮೊದಲ ವರ್ಷದವರನ್ನ ಆದಷ್ಟು ಬ್ಯಾರೆ ಬ್ಲಾಕಿನ್ಯಾಗ ಇಡಬೇಕು ಅಂತಲೂ ನಿಯಮದಾಗ ಐತಿ. ನಡುವ ಕಾಟು ಖಾಲಿ ಆದಾಗ ಅವಸರಕ್ಕ ಮೊದಲ ವರ್ಷದಾಕಿನ್ನ ಸೀನಿಯರ್ ರೂಮಿಗೆ ಹಾಕಿಬಿಡ್ತಾರ. ಆವಾಗ ಆ ಹುಡುಗಿ ಗಟ್ಟಿಯಾಗಿ ಕೇಳಬೇಕು. 1800-180-5522, ಇದು ಆ ಸಹಾಯವಾಣಿ, ಹಗಲು ರಾತ್ರಿ ಇರ್ತೈತಿ. ಮ್ಯಾಲಿನ ಮಹಡಿಯಾಕಿಗೆ ಇವತ್ತ ಕೊಡು. ಬಾಯಿಮಾತಿಲೆ ಹೇಳಿದ್ದು ವಾರ್ಡನ್ನರ ಮೇಜು ದಾಟೂದಿಲ್ಲ, ತಾರೀಖು ಹಾಕಿ ಬರೀಲಿ, ಒಂದು ಪ್ರತಿ ತನ್ನ ಕಡೆ ಇಟ್ಕೋಲಿ. ನೀ ಕೂಡ ಹೋಗು, ಒಬ್ಬಾಕಿನ್ನ ಕಳಸಬ್ಯಾಡ.

– ಕಳವು ಆದ್ರ, ಯಾರಾರ ಹೊರಗಿನವರನ್ನ ಕರಕೊಂಡು ಬಂದ್ರ?

– ಅವಕ್ಕೂ ಅದ ದಾರಿ, ವಾರ್ಡನ್. ಉಳದದ್ದು, ಕಿಡಕಿ ತಗೀಬೇಕೋ ಮುಚ್ಚಬೇಕೋ, ಫ್ಯಾನು ಎಷ್ಟರಾಗ ಇರಬೇಕು, ಶೇಂಗಾ ಹಿಂಡಿ ಡಬ್ಬಿ ಯಾರದು, ಇಂಥಾವು ನೀವಿಬ್ಬರ ಕೂತು ಬಗಿಹರಿಸಿಕೊಳ್ಳೋವು. ಮೊದಲ ವಾರದಾಗ ಮಾತಾಡಿದ್ರ ಹತ್ತು ನಿಮಿಷ. ತಿಂಗಳು ಬಿಟ್ಟು ಮಾತಾಡಿದ್ರ ಅದು ಜಗಳನ.

– ಮತ್ತ ನನಗ ಹೇಳದ ಆಕಿನ್ನ ಹಾಕಿದ್ದು? ಅದನ್ನ ಅಲ್ಲೇ ಬಿಟ್ಟಿ ನೀ.

– ಬಿಟ್ಟಿಲ್ಲ. ಹಾಸ್ಟೆಲಿನ್ಯಾಗ ಎಲ್ಲಾದಕ್ಕೂ ರಜಿಸ್ಟರ್ ಇರ್ತೈತಿ. ಕಾಟು ಎಷ್ಟು, ಫ್ಯಾನು ಎಷ್ಟು, ಬಕೀಟು ಎಷ್ಟು. ಯಾರು ಬಂದ್ರು, ಯಾರು ಹೋದ್ರು ಅಂತ ತಾರೀಖು ಸುದ್ದಾ ಬರೀತಾರ. ಉಳದಾಕಿಗೆ ಸುದ್ದಿ ಮುಟ್ಟಿಸೋದಕ್ಕ ಮಾತ್ರ ಒಂದು ಕಾಲಂ ಇಲ್ಲ. ನಾ ಇದ್ದಾಗ ಬಾಜೂ ಕಾಟಿಗೆ ಹೊಸಬರು ಬರೋ ಹಿಂದಿನ ದಿನ ಇಬ್ಬರನ್ನೂ ಆಫೀಸಿಗೆ ಕರಸಿ ಚಹಾ ಕೊಟ್ಟು ಪರಿಚಯ ಮಾಡಿಸ್ತಿದ್ದೆ. ನನ್ನ ನಂತರ ಅದು ನಿಂತಿತಂತ. ಈಗಂತೂ ಎಲ್ಲಾರ ಕೈಯಾಗ ಫೋನ್ ಐತಿ, ಒಂದು ಮೆಸೇಜ್ ಸಾಕು. ಇದು ನಿನ್ನ ಹಕ್ಕು ಅಂತ ನಾ ತಿಳೀತೀನಿ. ಹೊಸದಾಗಿ ಬರೋ ಹುಡುಗಿಯದೂ ಹಕ್ಕು. ಯಾರೋ ಒಬ್ಬಾಕಿ ಮುಖ ಗಂಟು ಹಾಕಿಕೊಂಡು ಬಾಗಿಲ ತಗಿಯೋ ರೂಮಿಗೆ ಟ್ರಂಕು ಹೊತಗೊಂಡು ಬರೋದಂದ್ರ ಆ ಹುಡುಗಿಗೆ ಹೆಂಗಾಗಿರಬೇಕು? ಹಾಳಿ ತಗೋ, ಅರ್ಜಿ ಬರಸ್ತೀನಿ.

– ಹೇಳು, ಫೋನಿನ್ಯಾಗ ಟೈಪ್ ಮಾಡ್ತೀನಿ.

– ಹಾಳಿ ಮ್ಯಾಲ ಬರಿ, ಆಫೀಸಿನವರು ಶಿಕ್ಕಾ ಹೊಡದು ಇನ್‌ವರ್ಡ್ ನಂಬರ್ ಹಾಕಬೇಕು. "ಮಾನ್ಯರೇ, ರೂಮಿನ ನಿವಾಸಿಗಳಲ್ಲಿ ಬದಲಾವಣೆ ಆಗುವಾಗ ಉಳಿದವರಿಗೂ ಹೊಸದಾಗಿ ಬರುವವರಿಗೂ ಮೂರು ದಿನ ಮೊದಲು ತಿಳಿಸಬೇಕೆಂದು ಕೋರುತ್ತೇವೆ. ನಮ್ಮ ರೂಮಿಗೆ ಇನ್ನೊಂದು ಪ್ಲಗ್ ಪಾಯಿಂಟ್ ಹಾಕಿಸಿಕೊಡಬೇಕು. ರಾತ್ರಿ ಹತ್ತೂವರೆವರೆಗೆ ಊಟದ ಹಾಲು ತೆರೆದಿಡಬೇಕು."

– ಕೋರುತ್ತೇವೆ ಅಂತನಾ? ಕೋರುತ್ತೇನೆ ಅಲ್ಲಾ?

– ಆಕೀನೂ ಸಹಿ ಮಾಡಲಿ. ಪ್ಲಗ್ ಇಬ್ಬರಿಗೂ ಬೇಕು, ಫೋನ್ ಆಕೀದು, ನಿದ್ದಿ ನಿಂದು. ಆಕಿ ಹೆಸರು ಮ್ಯಾಲ ಬರಿ, ನಿಂದು ಕೆಳಗ. ಮತ್ತ ಹೋಗೋವಾಗ ಈ ಗುರೆಳ್ಳು ಹಿಂಡಿ ಒಯ್ಯಿ, ಆಕಿ ಕಡೆ ರೊಟ್ಟಿ ಅದಾವಂದಿಯಲ್ಲ.